ಗುರುಶಾಂತಮ್ಮನ ಮಡಿವಂತ ಸೊಸೆ

ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ತಂಗಿ ದಾಕ್ಷಾಯಣಿಗೆ ಕಾಯಿಲೆ ಬಂತು. ಅವಳ ಅತ್ತೆ ಗುರುಶಾಂತಮ್ಮ ಅದನ್ನು ಶಿವಮೊಗ್ಗದ ಗೋಪಾಳದ ತುಂಬ ಹೇಳಿಕೊಂಡು ಮೆರೆದಳು. ಸೊಸೆ ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತಾಳೆ, ತೊಳೆದ ಕೈಯನ್ನೇ ಮತ್ತೆ ಉಜ್ಜುತ್ತಾಳೆ. "ನಮ್ಮ ದಾಕ್ಷಾಯಣಿಯಷ್ಟು ಮಡಿ ಈ ಬೀದೀಲಿ ಯಾರಿಗಿದೆ ಹೇಳ್ರಿ?" ಎನ್ನುತ್ತಿದ್ದಳು ಮುದುಕಿ. ನೆಂಟರ ಮನೆಗೆ ಮಠದ ಅಯ್ಯನವರು ಪ್ರಸಾದದ ಊಟಕ್ಕೆ ಬಂದರೆ ಅಡುಗೆಗೆ ಇವಳನ್ನೇ ಕಳಿಸುವುದು. ಅವಳ ಅಂಗೈ ಬಿರಿದು ರಕ್ತ ಒಸರುತ್ತಿದ್ದದ್ದು ಆ ಮಡಿವಂತರ ಕಣ್ಣಿಗೆ ಬೀಳಲಿಲ್ಲ.

ಗಂಡ ಮಲ್ಲೇಶ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಊರ ಮಕ್ಕಳಿಗೆಲ್ಲ ಪಾಠ ಹೇಳುವವನು ಅಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಇವನಲ್ಲಿ ಆ ಮುಕ್ಕಾಲನ್ನು ಹುಡುಕಿ ನಾನು ಸೋತೆ.

ಮಗ ಅಂಬೆಗಾಲಿಡುತ್ತ ಬಂದರೆ ದಾಕ್ಷಾಯಣಿ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಒಂದು ದಿನ ನಾನು ಗದರಿದೆ.

"ನನ್ನ ಕೈಯ ಕೊಳೆಯಿಂದ ಅವನು ಸತ್ತೋಗ್ತಾನೆ ಅಕ್ಕ. ಸುಳ್ಳು ಅಂತ ನಂಗೂ ಗೊತ್ತು. ಆದ್ರೂ ಬಿಡಲ್ಲ ಅದು," ಎಂದಳು.

ತಾಯಿ ಮಗು ಇಬ್ಬರನ್ನೂ ಭದ್ರಾವತಿಗೆ, ನನ್ನ ಗಂಡನ ಕಾರ್ಖಾನೆ ಕ್ವಾರ್ಟರ್ಸಿಗೆ ಕರೆತಂದೆ. ಮನೋವೈದ್ಯರು ಇದು ಗೀಳು ಕಾಯಿಲೆ ಎಂದು ಮಾತ್ರೆ ಬರೆದರು. ಕೊಳೆ ಮುಟ್ಟಿ, ತೊಳೆಯದೆ ಕೂತು, ಭಯ ತಾನಾಗಿ ಇಳಿಯುವವರೆಗೆ ಕಾಯುವುದನ್ನೂ ಕಲಿಸತೊಡಗಿದರು. ಚಪ್ಪಲಿ ಮುಟ್ಟಿ ಕೂತಳು, ಹೊಸ್ತಿಲು ಮುಟ್ಟಿ ಕೂತಳು. ಮಗುವನ್ನು ಮಾತ್ರ ಮುಟ್ಟಲಿಲ್ಲ.

ಅಷ್ಟರಲ್ಲಿ ಗುರುಶಾಂತಮ್ಮ ಮಗನ ಜೊತೆ ಬಂದಳು. ಯಾರದೋ ಮನೆಯಲ್ಲಿ ಅಯ್ಯನವರ ಪ್ರಸಾದವಂತೆ, ಅಡುಗೆಗೆ ಸೊಸೆ ಬೇಕಂತೆ.

"ಮಡಿಗೆ ಮಾತ್ರೆ ಕೊಡೋ ಡಾಕ್ಟ್ರನ್ನ ನಾನೆಲ್ಲೂ ಕಾಣೆ ಮಾರಾಯ್ತಿ," ಎಂದು ನನಗೆ ಬುದ್ಧಿ ಹೇಳಿದಳು.

ಆಗ ಅಂಗಳದಲ್ಲಿ, ಹೆಜ್ಜೆ ಇಡಲು ಕಲಿಯುತ್ತಿದ್ದ ಮಗು ಮುಗ್ಗರಿಸಿ ಮಣ್ಣಿಗೆ ಬಿದ್ದು ಕಿರುಚಿತು. ದಾಕ್ಷಾಯಣಿ ಓಡಿಹೋಗಿ ಎತ್ತಿಕೊಂಡಳು. ಎತ್ತಿಕೊಂಡ ಮೇಲೆ ತಾನು ಮುಟ್ಟಿದ್ದು ಗೊತ್ತಾಗಿ, ಮಗುವನ್ನು ಮುಂಗೈ ಮೇಲೆ ಸರಿಸಿ ಅಂಗೈಗಳನ್ನು ದೂರ ಹಿಡಿದಳು.

ಗುರುಶಾಂತಮ್ಮ ಚೊಂಬಿನಲ್ಲಿ ನೀರು ತಂದು ಹಿಡಿದಳು. "ಮೊದ್ಲು ಕೈ ತೊಳ್ಕೋ ತಾಯಿ. ಮಗೂನ ನಾನು ಹಿಡ್ಕೋತೀನಿ."

ಎಂಥ ಅಕ್ಕರೆ! ಕುಡುಕನಿಗೆ ಹೆಂಡ ತಂದುಕೊಡುವಂಥ ಅಕ್ಕರೆ. ದಾಕ್ಷಾಯಣಿ ಆ ನೀರನ್ನೇ ನೋಡುತ್ತ ನಿಂತಳು.

"ತೊಳೀಬೇಕು ಅನ್ನಿಸ್ತಿದೆ ಅತ್ತೆ. ತುಂಬಾ ಅನ್ನಿಸ್ತಿದೆ," ಎಂದಳು. "ಅನ್ನಿಸ್ಲಿ ಬಿಡಿ."

ಮಲ್ಲೇಶ್ ಆಗಲೂ ಏನೂ ತೋಚದೆ, ಅಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ನೀರು ಕುಡಿದ.

ದಾಕ್ಷಾಯಣಿ ಮಗುವನ್ನು ತಬ್ಬಿಕೊಂಡು ಮಣ್ಣಿನಲ್ಲೇ ಕೂತಳು. ಮಗು ಅಳು ನಿಲ್ಲಿಸಿ ಅವಳ ಬೆರಳನ್ನು ಬಾಯಿಗೆ ಹಾಕಿಕೊಂಡಿತು. ಅವಳು ಕಣ್ಣು ಮುಚ್ಚಿಕೊಂಡಳು, ಬೆರಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.