ಹಂಸಾಬೆನ್ನರ ಅಂಗಳದ ಟಾಂಕು

ನಾನು ಒಂದು ಟಾಂಕು. ಟ್ಯಾಂಕು ಅನ್ನಬೇಡಿ, ಅದು ನನ್ನ ಹೆಸರು ವಿಲಾಯತಿಗೆ ಹೋಗಿ ಬಂದ ಮೇಲಿನ ಅವತಾರ! ಗುಜರಾತಿನಲ್ಲಿ ಅಂಗಳದಡಿ ಮಳೆನೀರು ಕೂಡಿಡುವ ತೊಟ್ಟಿಗೆ ಟಾಂಕು ಅನ್ನುತ್ತಾರೆ. ಇಂಗ್ಲಿಷರು ಆ ಮಾತನ್ನೇ ಎತ್ತಿಕೊಂಡು ಟ್ಯಾಂಕ್ ಮಾಡಿದರಂತೆ. ಪೋರ್ಚುಗೀಸರಲ್ಲೂ ನೀರನ್ನು ತಡೆದು ನಿಲ್ಲಿಸುವ ಅರ್ಥದ ಇಂಥದೇ ಮಾತಿದೆಯಂತೆ. ಯಾರದು ಮೊದಲು ಅಂತ ಪಂಡಿತರು ಜಗಳಾಡಿಕೊಳ್ಳಲಿ, ನನಗೇನು?

ಹುಬ್ಬಳ್ಳಿಗೆ ಬಂದು ನೆಲೆಸಿದ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮೂರ ರೀತಿಯಲ್ಲೇ ನನ್ನನ್ನು ಕಟ್ಟಿಸಿದರು. ನನ್ನನ್ನು ನೋಡಿಕೊಂಡವರು ಅವರ ಸೊಸೆ ಹಂಸಾಬೆನ್. ಮಾಳಿಗೆಯ ಮೇಲೆ ದಿನಾ ಪಾರಿವಾಳಗಳಿಗೆ ಜೋಳ ಹಾಕುವುದು ಅವರ ಪುಣ್ಯದ ಕೆಲಸ. ಮಾಳಿಗೆ ತುಂಬ ಅವುಗಳ ಹಿಕ್ಕೆ, ಹಾಗಾಗಿ ಮೊದಲ ಮಳೆ ನನ್ನೊಳಗೆ ಇಳಿಯಕೂಡದು. ಮಾಳಿಗೆಯಿಂದ ನನ್ನೊಳಗೆ ನೀರಿಳಿಸುವ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಮಾಳಿಗೆ ಪೂರಾ ತೊಳೆದುಹೋದ ಮೇಲೆಯೇ ತೆಗೆಯಬೇಕು. ಈ ವಿಷಯದಲ್ಲಿ ಹಂಸಾಬೆನ್ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಒಂದು ಬೇಸಿಗೆ ಓಣಿಯ ನಲ್ಲಿಗಳೆಲ್ಲ ನಿಂತುಹೋದವು, ನನ್ನ ತಳವೂ ಒಣಗಿತು. ಪಕ್ಕದ ಮನೆಯ ನೀಲವ್ವ ಕೊಡ ಹಿಡಿದು ಬಂದಳು.

“ಬಾಯಾರ, ಸೊಸಿ ಹಡದು ಮಲಗ್ಯಾಳ. ಬಾಣಂತಿಗೆ ಕುಡಿಯಾಕ ಹನಿ ನೀರಿಲ್ರಿ.”

ಅಷ್ಟರಲ್ಲೇ ಮಳೆ ಶುರುವಾಯಿತು. ಹಂಸಾಬೆನ್ನರಿಗೆ ಕರುಳು ಚುರುಕ್ಕೆಂದಿತು, ಬಟ್ಟೆ ಕಿತ್ತೇಬಿಟ್ಟರು. ಪಾರಿವಾಳಗಳ ಹೊಲಸನ್ನೆಲ್ಲ ಹೊತ್ತು ಮೊದಲ ಮಳೆ ನನ್ನೊಳಗೆ ಧುಮುಕಿತು. ಅಯ್ಯೋ, ಬೇಡ ತಾಯಿ ಅನ್ನಲು ನನಗೆ ನಾಲಿಗೆಯಿಲ್ಲವಲ್ಲ! ಅವರು ಸೀರೆಯ ಸೆರಗಿನಲ್ಲೇ ನೀರು ಸೋಸಿ ಕೊಡ ತುಂಬಿಸಿದರು.

ಮರುದಿನ ಬಾಣಂತಿಗೆ ವಾಂತಿ, ಭೇದಿ. ಆಸ್ಪತ್ರೆಗೆ ಹೊತ್ತೊಯ್ದರು. ಹಂಸಾಬೆನ್ ನನ್ನ ಮುಚ್ಚಳದ ಮೇಲೆ ಕುಸಿದು ಕುಳಿತರು. “ನನ್ನ ಕೈಯಾರೆ ವಿಷ ಕೊಟ್ಟೆ” ಎಂದು ಹಣೆ ಹಣೆ ಬಡಿದುಕೊಂಡರು. ಪುಣ್ಯಕ್ಕೆ ಹುಡುಗಿ ಉಳಿದಳು, ಆದರೆ ಎದೆಹಾಲು ಬತ್ತಿಹೋಯಿತು. ಕೂಸು ಬಾಟಲಿ ಹಾಲಿನಲ್ಲೇ ಬೆಳೆಯಿತು.

ಹಂಸಾಬೆನ್ ನೀಲವ್ವನ ಎದುರು ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಕೈಮುಗಿದರು. ನೀಲವ್ವ ಕಣ್ಣೊರೆಸಿಕೊಂಡಳು.

“ಹೋಗ್ಲಿ ಬಿಡ್ರಿ ಬಾಯಾರ. ನೀವೇನ ಬೇಕಂತ ಮಾಡೀರೇನು?”

ಆಕೆ ಬೈದಿದ್ದರೆ ಹಂಸಾಬೆನ್ನರ ಮನಸ್ಸು ಹಗುರಾಗುತ್ತಿತ್ತೇನೋ.

ಈಗ ನನಗೂ ವಯಸ್ಸಾಗಿದೆ, ಗೋಡೆಯ ಗಾರೆ ಉದುರುತ್ತಿದೆ. ಪ್ರತಿ ಮಳೆಗಾಲಕ್ಕೆ ಮೊದಲು ಹಂಸಾಬೆನ್ ನನ್ನನ್ನು ಉಜ್ಜಿಸಿ ತೊಳೆಸುತ್ತಾರೆ, ಮಾಳಿಗೆಯನ್ನು ತಾವೇ ನಿಂತು ಗುಡಿಸುತ್ತಾರೆ. ನನ್ನ ನೀರು ಕನ್ನಡಿಯಷ್ಟು ತಿಳಿ. ನಲ್ಲಿ ನಿಂತ ದಿನ ಅವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನೀಲವ್ವ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬರುತ್ತಾಳೆ, “ಊಟ ಆತೇನ್ರಿ ಬಾಯಾರ?” ಎಂದು ನಕ್ಕು ಮಾತಾಡಿಸುತ್ತಾಳೆ. ಆಮೇಲೆ ನಮ್ಮ ಬಾಗಿಲು ದಾಟಿ, ದೂರದ ಬೋರಿಗೆ ನಡೆಯುತ್ತಾಳೆ.