ಬಸವಮ್ಮನ ಸಾರು

"ಈಚೆಗೆ ಯಾವುದಾದರೂ ಮಾತ್ರೆ ತಗೊಂಡಿದ್ದೀರಾ, ಅಮರ್?" ಡಾಕ್ಟರ್ ಲಾಸ್ಯ ಅವನ ಹಣೆಯ ಪಕ್ಕಕ್ಕೆ ತಣ್ಣನೆಯ ಜೆಲ್ ಹಚ್ಚುತ್ತಾ ಕೇಳಿದರು.

"ಇಲ್ಲ ಮೇಡಂ. ಮಾತ್ರೆ ಬುಟ್ಟು ಎರಡು ವರ್ಷ ಆಯ್ತು."

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ತಾಯಿ ಬಸವಮ್ಮ ಥಟ್ಟನೆ ತಲೆಯೆತ್ತಿದಳು. ಮಗ ಸುಳ್ಳು ಹೇಳಿರಲಿಲ್ಲ. ಅವನು ಬಿಟ್ಟಿದ್ದ, ಇವಳು ಬಿಟ್ಟಿರಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು, ಪುಡಿ ಮಾಡಿ, ದಿನಾ ಅವನ ಸಾರಿಗೆ ಕದಡುತ್ತಿದ್ದಳು. ಕೂಸಿಗೆ ಔಷಧಿಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವುದಿಲ್ಲವೇ? ಆದರೆ ಈ ಕೂಸಿಗೆ ಮೂವತ್ತು ದಾಟಿತ್ತು, ಅದರ ಕಾಯಿಲೆಯೇ ಅನುಮಾನದ್ದು. ಊಟಕ್ಕೆ ಯಾರೋ ಏನೋ ಬೆರೆಸುತ್ತಾರೆ ಎಂದು ಅವನು ಗೋಳಾಡಿದಾಗಲೆಲ್ಲ, ಅದು ನಿನ್ನ ಭ್ರಮೆ ಕಣೋ ಎಂದು ತಲೆ ನೇವರಿಸುತ್ತಿದ್ದವಳೂ ಇವಳೇ.

ಈ ಸಂಶೋಧನೆಗೆ ಅವನು ಒಪ್ಪಿದ್ದು ಇಲ್ಲಿ ನುಂಗುವಂಥದ್ದು ಏನೂ ಇಲ್ಲವೆಂದು. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ತಲೆಯ ಹೊರಗಿನಿಂದಲೇ ಮಿದುಳಿನ ಒಂದು ಚಿಕ್ಕ ಜಾಗಕ್ಕೆ ಬಿಟ್ಟು, ಅನುಮಾನ ಹುಟ್ಟುವುದು ಎಲ್ಲಿಂದ ಎಂದು ನೋಡುತ್ತಾರಂತೆ. ನೋಡಲಿ ಪಾಪ, ಬಸವಮ್ಮನ ಅಡುಗೆಮನೆಯನ್ನೊಂದು ಬಿಟ್ಟು.

"ಯಾಕೆ ಮತ್ತೆ ಮತ್ತೆ ಕೇಳ್ತೀನಿ ಅಂದ್ರೆ," ಲಾಸ್ಯ ಉಪಕರಣವನ್ನು ಅವನ ಕಿವಿಯ ಮೇಲ್ಭಾಗಕ್ಕೆ ತಂದರು, "ಕೆಲವು ಮಾತ್ರೆ ತಗೊಳ್ಳೋರಿಗೆ ಫಿಟ್ಸ್ ಬರೋ ಭಯ ಇರತ್ತೆ. ಅಂಥೋರಿಗೆ ನಾವು ಇದನ್ನ ಮಾಡಲ್ಲ. ಶುರು ಮಾಡೋಣ್ವಾ?"

"ಮಾಡಿ."

ಡಾಕ್ಟರನ್ನು ಹೊರಗೆ ಕರೆದು ಗುಟ್ಟಾಗಿ ಹೇಳೋಣವೆಂದರೆ, ಅವ್ವ ಪಿಸುಗುಟ್ಟುವುದನ್ನು ಕಂಡರೆ ಸಾಕು, ಅವನು ಎದ್ದು ಹೋಗುತ್ತಾನೆ. ಇಲ್ಲೇ ಹೇಳಿದರೆ ಇನ್ನು ಅವಳ ಕೈಯಿಂದ ಒಂದು ತುತ್ತೂ ಮುಟ್ಟುವುದಿಲ್ಲ. ಸುಮ್ಮನಿದ್ದರೋ? ಲಾಸ್ಯ ಅವರ ಬೆರಳು ಯಂತ್ರದ ಗುಂಡಿಯತ್ತ ಹೋಯಿತು.

"ನಿಲ್ಸಿ ಮೇಡಂ." ಬಸವಮ್ಮ ಎದ್ದು ನಿಂತಿದ್ದಳು. "ಮಾತ್ರೆ ತಗೋತಾವ್ನೆ. ಅವ್ನಿಗೆ ಗೊತ್ತಿಲ್ಲ. ನಾನೇ ಸಾರ್ಗೆ ಆಕಿ ಕೊಡ್ತಿವ್ನಿ."

ಲಾಸ್ಯ ಉಪಕರಣವನ್ನು ಕೆಳಗಿಟ್ಟರು. ಅಮರ್ ಎದ್ದು ಕುಳಿತ. ಜೆಲ್ ಕೆನ್ನೆಯ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕೂಗಾಡುತ್ತಾನೆಂದು ಬಸವಮ್ಮ ಸೆರಗನ್ನು ಬಿಗಿಯಾಗಿ ಹಿಡಿದು ಕಾದಳು.

"ಅಂಗಾದ್ರೆ ನಂದು ಭ್ರಮೆ ಅಲ್ಲ," ಎಂದ ಅವನು, ಮೆಲ್ಲಗೆ. ನಂತರ ಡಾಕ್ಟರ ಕಡೆ ತಿರುಗಿ, "ಇದನ್ನೂ ಬರ್ಕೊಳ್ಳಿ ಮೇಡಂ."

ಲಾಸ್ಯ ಯಂತ್ರ ಆರಿಸಿ, ಪೆನ್ನು ತೆಗೆದು ಬರೆದುಕೊಂಡರು.

ಹೊರಗೆ ಬಿಸಿಲು ಏರಿತ್ತು. ಅವರ ಊರು ಹಿನಕಲ್‌ಗೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಮಗ ಬೆಳಗಿನಿಂದ ಏನೂ ತಿಂದಿಲ್ಲವೆಂದು ಬಸವಮ್ಮ ಗಾಡಿಯವನ ಹತ್ತಿರ ಒಂದು ಬಾಳೆಹಣ್ಣು ತಂದು, ಕೊಡಲೋ ಬೇಡವೋ ಎಂಬಂತೆ ಚಾಚಿದಳು.

ಅಮರ್ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿಪ್ಪೆ ಸುಲಿದು, ನಡುವೆ ಮುರಿದು, ಅರ್ಧವನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಮೊದ್ಲು ನೀನು ತಿನ್ನವ್ವ."

ಬಸವಮ್ಮ ಅಗಿದಳು. ನುಂಗುವವರೆಗೂ ಅವನ ಕಣ್ಣು ಅವಳ ಗಂಟಲ ಮೇಲೇ ಇತ್ತು. ಆಮೇಲೆ ಉಳಿದರ್ಧವನ್ನು ಅವನು ನಿಧಾನವಾಗಿ ತಿನ್ನತೊಡಗಿದ.