ಮಾಬುಬೀಯ ಪಾಲಿನ ಗುಳಿಗೆ

ತಿಮ್ಮವ್ವನ ಬಿ.ಪಿ. ಇಳಿಯದಿದ್ದರೆ ಸಿಟ್ಟು ಬರುತ್ತಿದ್ದುದು ನನಗೆ. ೧೯೯೧ರ ಮಾತು. ಮಸ್ಕಿ ಹತ್ತಿರದ ಹಳ್ಳಿಯೊಂದರ ದವಾಖಾನೆಯಲ್ಲಿ ನಾನು ಕಂಪೌಂಡರ್. ಅರವತ್ತು ದಾಟಿದವರಿಗೆ ಸರ್ಕಾರದಿಂದ ಪುಕ್ಕಟೆ ಗುಳಿಗೆ ಬರುತ್ತಿತ್ತು. ಮಂಗಳವಾರ ರೇಷನ್ ಕಾರ್ಡು ನೋಡಿ ಹಂಚುವುದು ನನ್ನ ಕೆಲಸ.

"ಗುಳಿಗಿ ನುಂಗ್ತೀಯೋ, ಮಾರ್ಕೋತೀಯೋ?" ಎಂದು ಒಮ್ಮೆ ಎಲ್ಲರೆದುರೇ ಜಬರಿಸಿದೆ. ಮುದುಕಿ ಸುಮ್ಮನೆ ನಕ್ಕಳು. ಡಾಕ್ಟರು ದಿನಕ್ಕೆ ಒಂದಿದ್ದುದನ್ನು ಎರಡು ಮಾಡಿದರು. ಬಿ.ಪಿ. ಇಳಿಯಿತು. ನನ್ನ ಬಾಯಿಗೇ ಹೆದರಿ ಇಳಿಯಿತೆಂದು ಮೆರೆದೆ.

ಮೂರು ತಿಂಗಳ ಮೇಲೆ ಆಕೆಯನ್ನು ಹೊರಸಿನ ಮೇಲೆ ಹೊತ್ತು ತಂದರು. ಬೋರಿಂಗಿನ ಮುಂದೆ ಕೊಡ ಹಿಡಿದಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದಳಂತೆ. ಬಿ.ಪಿ. ಪಾತಾಳ ಕಂಡಿತ್ತು. ಸಲೈನ್ ಏರಿಸಿ, ಆಕೆ ಕಣ್ಣು ಬಿಟ್ಟ ಮೇಲೆ ಕೇಳಿದೆ, "ಏನ್ ತಿಂದಿ ಯಮ್ಮಾ?"

"ನೀ ಕೊಟ್ಟಿದ್ದೇ ತಿಂದೀನಪ್ಪಾ. ಇಷ್ಟು ದಿನ ಬಾಜೂ ಮನಿ ಮಾಬುಬೀಗೆ ಅರ್ಧ ಕೊಡ್ತಿದ್ದೆ. ಆಕಿ ಮುದಗಲ್ಲಿಗೆ ಮಗಳ ಮನಿಗೆ ಹೋಗ್ಯಾಳ. ಆಕಿ ಪಾಲು ಯಾಕ ಕೆಡಸಬೇಕಂತ ನಾನೇ ನುಂಗಿದೆ."

ಪಾಲು! ರೊಟ್ಟಿ ಮುರಿದು ಕೊಟ್ಟಂತೆ ಬಿ.ಪಿ. ಗುಳಿಗೆಯನ್ನೂ ಹಂಚಿಕೊಂಡಿದ್ದಾರೆ ಈ ಮುದುಕಿಯರು!

"ಆಕಿ ತಾನೇ ಬಂದು ತಗೋಬಾರದೇನು?" ಎಂದು ಹಾರಾಡಿದೆ.

"ಬಂದಿದ್ಳಲ್ಲಪ್ಪಾ. ನೀನೇ ಹೊಳ್ಳಿ ಕಳಿಸಿದಿ. ಕಾರ್ಡಿನಾಗ ಐವತ್ತೆರಡು ಬರದೈತಿ, ವಯಸ್ಸಾದ ಮ್ಯಾಲೆ ಬಾ ಅಂದಿ. ನಾ ತೊಟ್ಟಿಲದಾಗಿದ್ದಾಗ ನನ್ನ ತೂಗಿದಾಕಿ ಆಕಿ."

ನೆನಪಾಯಿತು. ಡಾಕ್ಟರು ಬರೆದ ಚೀಟಿಯನ್ನು ನಾನೇ ಅವಳ ಕೈಗೆ ವಾಪಸ್ ತುರುಕಿದ್ದೆ. ಕಾರ್ಡಿನ ಅಂಕಿ ನೋಡಿದ್ದೆನೇ ಹೊರತು, ಎದುರಿಗಿದ್ದ ಸುಕ್ಕು ಮುಖವನ್ನು ನೋಡಿರಲಿಲ್ಲ.

"ಹೋಗುವಾಗ ಗುಳಿಗಿ ಒಯ್ದಾಳೇನು?"

"ಇಲ್ಲಪ್ಪಾ. ಎರಡು ದಿನಕ್ಕ ಬರ್ತೀನಂತ ಹೋದಾಕಿ, ತಿಂಗಳಾಗಾಕ ಬಂತು."

ಅಂದರೆ ತಿಂಗಳಿಂದ ಮಾಬುಬೀಗೆ ಗುಳಿಗೆಯೇ ಇಲ್ಲ. ಕೈಗೆ ಸಿಕ್ಕಷ್ಟು ಗುಳಿಗೆ ಕಿಸೆಗೆ ಹಾಕಿಕೊಂಡೆ. ಕಾರ್ಡೂ ಇಲ್ಲ, ರಜಿಸ್ಟರೂ ಇಲ್ಲ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ ಮುಟ್ಟಿ, ಕೇಳುತ್ತ ಕೇಳುತ್ತ ಮಾಬುಬೀಯ ಮಗಳ ಮನೆ ಹುಡುಕಿದೆ.

ಅಳಿಯ ಅಲ್ಲಾಬಕ್ಷ್ ಒಳಗೆ ಕರೆದ. ಹಿಂದಿನ ದಿನ ಮುಂಜಾನೆ ಅವಳಿಗೆ ಲಕ್ವಾ ಹೊಡೆದಿತ್ತು. ಮಾಬುಬೀ ಗೋಡೆಗೆ ಒರಗಿ ಕುಳಿತಿದ್ದಳು. ಎಡಗೈ ಜೀವವಿಲ್ಲದೆ ಮಡಿಲಲ್ಲಿ ಬಿದ್ದಿತ್ತು, ಬಾಯಿ ಒಂದು ಕಡೆ ವಾಲಿತ್ತು. ನನ್ನ ಗುರುತು ಹಿಡಿದಳು. ಕಿಸೆಯಿಂದ ಗುಳಿಗೆ ಪೊಟ್ಟಣ ತೆಗೆದು ಚಾಚಿದೆ. ಅದನ್ನೇ ನೋಡುತ್ತ ತೊದಲಿದಳು:

"ಈಗ ನಂಗ ವಯಸ್ಸಾತೇನಪ್ಪಾ?"